ಹಳೇ ಡಿಸ್ಕು ಓದದ ಡಬ್ಬಿ

ವಾರವಾರ ಕಥೆ ಹೇಳಿ ಕಳಿಸುವ ಈ ಅಜ್ಜನಿಗೆ ಅರಳುಮರಳು ಅಂತ ಬರೆದವರು ಯಾರು? ಹೆಸರು ಹೇಳುವುದಿಲ್ಲ. ಈಗ ಕಿವಿಗೆ ಫೋನು ಹಚ್ಚಿಕೊಂಡು ಕೇಳುತ್ತಾ ಇದ್ದೀರಿ, ನಿಮಗೇ ಗೊತ್ತು. ಹೆಣದ ಪಕ್ಕ ಬಿದ್ದಿದ್ದ ರಿಮೋಟು ಒಂದು ವಾರ ಬೂದಿ ಬಣ್ಣ ಅಂದೆನಂತೆ, ಮುಂದಿನ ವಾರ ಕಪ್ಪು ಅಂದೆನಂತೆ. ಸ್ವಾಮಿ, ಅದು ಬೂದಿ ಬಣ್ಣದ್ದೇ. ರಕ್ತ ಒಣಗಿದ ಮೇಲೆ ಕಪ್ಪಾಯಿತು.

ಟೀವಿಗೆ ಹಚ್ಚಿ ಆಟ ಆಡುತ್ತೀರಲ್ಲ, ನಿಮ್ಮ ಮನೆಯ ಆ ಹೊಸ ಮೆಷೀನಿಗೆ ಹತ್ತು ವರ್ಷ ಹಿಂದಿನ ಆಟದ ಡಿಸ್ಕು ಕೊಟ್ಟು ನೋಡಿ. ಯಾರಪ್ಪ ನೀನು ಅನ್ನುತ್ತದೆ. ನನ್ನ ತಲೆಗೆ ಯಾವ ಹಳೇದನ್ನು ಹಾಕಿದರೂ ಓಡುತ್ತದೆ. ಆದ್ದರಿಂದ ಬಾಯಿ ಮುಚ್ಚಿ ಕೇಳಿ.

ಗೂಳಿಯ ಎರಡನೇ ಹಲ್ಲು ನೆಲಕ್ಕೆ ಬಿದ್ದಾಗ ನಾನೂ ಅಕ್ಕನೂ ಲಾಕಪ್ಪಿನ ಕಂಬಿಯ ಈಚೆ ನಿಂತಿದ್ದೆವು.

ಗೂಳಿ ಅಂದರೆ ಅಕ್ಕನ ಗಂಡ, ಲಾರಿ ಮೆಕ್ಯಾನಿಕ್ಕು. ಅಕ್ಕನ ಒಬ್ಬನೇ ತಮ್ಮ, ಆಟದ ಡಿಸ್ಕುಗಳನ್ನು ಗೋಡೆ ತುಂಬ ಪೇರಿಸಿಟ್ಟು ಖಜಾನೆ ಅನ್ನಿಸಿಕೊಂಡಿದ್ದವನು, ತನ್ನ ಕೋಣೆಯಲ್ಲೇ ತಲೆ ಒಡೆದು ಸತ್ತಿದ್ದ. ಹಿಂದಿನ ದಿನ ಭಾವ ಭಾಮೈದ ಹೊಡೆದಾಡಿದ್ದರು ಅಂತ ಗೂಳಿಯನ್ನು ಎಳೆದು ತಂದಿದ್ದರು. ನಾನು ಅವಳ ಅಪ್ಪನ ಗೆಳೆಯ, ಹೊಟ್ಟೆಪಾಡಿಗೆ ಖಾಸಗಿ ಪತ್ತೇದಾರ. ಅವಳಿಗೆ ನಾನು ಚಿಕ್ಕಪ್ಪ. ತಮ್ಮ ಕರೆದು ಕರೆದು ಅವಳು ಇಡೀ ಬೀದಿಗೇ ಅಕ್ಕ ಆಗಿಬಿಟ್ಟಿದ್ದಳು, ನನಗೂ.

"ಯಾವುದರಲ್ಲಿ ಹೊಡೆದೆ?" ಇನ್ಸ್‌ಪೆಕ್ಟರ್ ಕೇಳಿದ. ದನಿ ಏರಿಸುವ ಮನುಷ್ಯನಲ್ಲ. ಅಂಗಿಯ ತೋಳು ನೀಟಾಗಿ ಮಡಚಿ, ಬಕಲ್ಲು ಹೊರಗೆ ಇಳಿಬೀಳುವ ಹಾಗೆ ಬೆಲ್ಟನ್ನು ಮುಷ್ಟಿಗೆ ಸುತ್ತಿಕೊಂಡಿದ್ದ.

"ಕೈಯಲ್ಲಿ," ಗೂಳಿ ಅಂದ. "ಒಂದೇ ಏಟು. ಕೆನ್ನೆಗೆ. ಅದೂ ಹಿಂದಿನ ದಿನ."

"ಯಾಕೆ?"

"ಆಟಿಕೆ ವಿಷಯಕ್ಕೆ. ಅವನದೊಂದು ಬಿಲ್ಲೆ ಮೇಲೆ ಕಾಲಿಟ್ಟೆ. ಕಾಣಲಿಲ್ಲ. ಅವರಮ್ಮನ ಎದೆ ಮೇಲೆ ಕಾಲಿಟ್ನೇನೋ ಅನ್ನೋ ಹಾಗೆ ಮೈಮೇಲೆ ಬಿದ್ದ. ನಾನೂ ಒಂದು ಬಿಟ್ಟೆ."

"ತಲೆ ಹೇಗೆ ಒಡೀತು?"

"ನಿಮಗೆ ಗೊತ್ತಿರಬೇಕು. ಕಂಡುಹಿಡಿಯೋ ಸಂಬಳ ನಿಮಗೆ ತಾನೆ ಬರೋದು."

ಬಡವನ ಸಿಟ್ಟು ದವಡೆಗೆ ಮೂಲ ಅನ್ನುವುದು ಸುಮ್ಮನೆ ಅಲ್ಲ. ಬಕಲ್ಲು ಅದೇ ದವಡೆಗೆ ಬಿತ್ತು. ಗೂಳಿ ಕುರ್ಚಿ ಸಮೇತ ಉರುಳಿದ. ಇನ್ಸ್‌ಪೆಕ್ಟರ್ ಅವನ ಬರಿಗಾಲಿನ ಹೆಬ್ಬೆರಳ ಮೇಲೆ ಬೂಟಿನ ಹಿಮ್ಮಡಿ ಊರಿ, ಸಿಗರೇಟು ಹೊಸಕುವ ಹಾಗೆ ನಿಧಾನವಾಗಿ ಹೊಸಕಿದ. ಉಗುರು ಎದ್ದು ಬಂತು. ಗೂಳಿ ಕೂಗಲಿಲ್ಲ. ಮೂಗಿನಲ್ಲಿ ಒಂದು ಸದ್ದು ಬಂತು, ಎತ್ತಿನ ಕೊರಳಿಗೆ ಹಗ್ಗ ಬಿಗಿದಾಗ ಬರುತ್ತದಲ್ಲ, ಹಾಗೆ.

ಅಕ್ಕ ಕಂಬಿ ಹಿಡಿದಿದ್ದಳು. ಬೆರಳ ಗೆಣ್ಣುಗಳು ಸುಣ್ಣದ ಹಾಗಿದ್ದವು.

"ಸಾಕು ಮಾಡಿ ಸಾರ್. ನನ್ನ ತಮ್ಮನ ಕೋಣೆ ಬೀಗದ ಕೈ ಕೊಡಿ. ಅವನ ಮೆಷೀನು ಒಂದು ಸಲ ನೋಡಬೇಕು."

"ಯಾಕಮ್ಮ?"

"ಇಬ್ಬರೂ ಸೇರಿ ಒಂದು ಆಟ ಆಡ್ತಿದ್ವಿ. ಕೊನೇ ಹಂತ ಬಾಕಿ ಇತ್ತು. ಅವನು ಎಲ್ಲಿವರೆಗೆ ಬಂದಿದ್ದ ಅನ್ನೋದು ಅದರಲ್ಲೇ ಇರೋದು."

ಅವನು ನಕ್ಕ. ಜೇಬಿನಿಂದ ಬೀಗದ ಕೈ ತೆಗೆದು ಕಂಬಿಯ ಸಂದಿಯಿಂದ ಎಸೆದ.

"ಗಂಡ ಇಲ್ಲಿ ಹಲ್ಲು ಉದುರಿಸ್ತಿದ್ದಾನೆ, ಹೆಂಡತಿಗೆ ಆಟ. ಹೋಗಿ ಆಡ್ಕೊಳ್ಳಿ. ಡಬ್ಬಿ ಡಬ್ಬಿನೇ. ಹಳೇದಾದ್ರೇನು, ಹೊಸದಾದ್ರೇನು." ಆಮೇಲೆ ಬೆಲ್ಟನ್ನು ಒರೆಸಿಕೊಳ್ಳುತ್ತಾ ಹೇಳಿದ, "ಸಂಜೆಯೊಳಗೆ ಇವನು ಒಪ್ಕೊಳ್ತಾನೆ. ಒಪ್ಕೊಳ್ಳದೆ ಹೋದ್ರೆ ಸಾಯ್ತಾನೆ. ನನಗೆ ಎರಡೂ ಒಂದೇ."

ಖಜಾನೆಯ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಡಿಸ್ಕಿನ ಕಪಾಟು ಅಡ್ಡ. ನೆಲದಿಂದ ಸೂರಿನವರೆಗೆ ಆಟ, ಆಟ, ಆಟ. ಯಾವುದು ಯಾವ ಮೆಷೀನಿನದು ಅಂತ ಬಣ್ಣ ನೋಡಿ ಜೋಡಿಸಿದ್ದ. ಧೂಳು ಕಪಾಟಿನ ಮೇಲೆ ಮಾತ್ರ ಇತ್ತು, ಡಿಸ್ಕಿನ ಮೇಲೆ ಇರಲಿಲ್ಲ.

ನೆಲದ ಕಲೆಯ ಮೇಲೆ ನೊಣ ಮುತ್ತಿತ್ತು. ಗೋಡೆಯ ಮೇಲೆ ರಕ್ತ ಬೀಸಣಿಗೆಯ ಹಾಗೆ ಹರಡಿತ್ತು, ಅಂದರೆ ಹೊಡೆದವನು ಎತ್ತಿ ಎತ್ತಿ ಬೀಸಿದ್ದಾನೆ. ಹೆಣ ಕೊಯ್ದ ಡಾಕ್ಟರು ನನಗೆ ಗೆಳೆಯ. ಬುರುಡೆ ಹಿಂಭಾಗ ಮಡಕೆಯ ಹಾಗೆ ಒಡೆದಿದೆ, ಸುತ್ತಲ ಚರ್ಮದ ಮೇಲೆ ಬಾಚಣಿಗೆ ಒತ್ತಿದ ಹಾಗೆ ಗೆರೆಗಳಿವೆ ಅಂದಿದ್ದ.

ಟೀವಿಯ ಕೆಳಗೆ ಮೆಷೀನು ಕೂತಿತ್ತು. ಕಪ್ಪು, ಬೆನ್ನು ಉಬ್ಬಿದ, ಆಮೆಯಂಥ ಡಬ್ಬಿ. ನಾನು ಬಗ್ಗಿ ಅದರ ಬೆನ್ನು ನೋಡಿದೆ. ಬಿಸಿ ಗಾಳಿ ಹೋಗುವುದಕ್ಕೆ ಸೀಳು ಸೀಳಾದ ಜಾಲರಿ. ಬೆರಳಿಟ್ಟು ನೋಡಿದೆ. ಬಾಚಣಿಗೆ.

ಆದರೆ ಒಂದು ಗೀರಿಲ್ಲ. ಒಂದು ಹನಿ ಇಲ್ಲ. ಬುರುಡೆ ಒಡೆದ ಪ್ಲಾಸ್ಟಿಕ್ಕು ಇಷ್ಟು ಸುಖವಾಗಿ ಕೂತಿರುವುದಿಲ್ಲ.

ಅಕ್ಕ ಅದನ್ನೆಲ್ಲ ನೋಡುತ್ತಿರಲಿಲ್ಲ. ಕಪಾಟಿನಿಂದ ಒಂದು ಹಳೇ ಡಿಸ್ಕು ಎಳೆದು ಮೆಷೀನಿನ ಬಾಯಿಗೆ ಕೊಟ್ಟಳು. ಅದು ನುಂಗಿತು, ಗುಂಯ್ ಅಂದಿತು, ಕೆಮ್ಮಿತು. ಪರದೆಯ ಮೇಲೆ ಅಕ್ಷರ ಬಂತು. ಈ ಡಿಸ್ಕನ್ನು ಓದಲಾಗುವುದಿಲ್ಲ.

ಅವಳು ಡಿಸ್ಕನ್ನು ಬಟ್ಟೆಯಂಚಿಗೆ ಒರೆಸಿ ಮತ್ತೆ ಹಾಕಿದಳು. ಅದೇ ಮಾತು. ಇನ್ನೊಂದು ಹಳೇದು ಹಾಕಿದಳು. ಅದೇ ಮಾತು. ಹೊಸ ಕಾಲದ ಒಂದು ಡಿಸ್ಕು ಹಾಕಿದಳು, ಜಗ್ಗನೆ ಹತ್ತಿಕೊಂಡು ಹಾಡಿತು.

ಆಗ ಮೆಷೀನನ್ನು ಎರಡೂ ಕೈಯಲ್ಲಿ ಎತ್ತಿ, ಕೂಸನ್ನು ತೂಗುವ ಹಾಗೆ ಮೇಲೆ ಕೆಳಗೆ ಮಾಡಿದಳು.

"ಚಿಕ್ಕಪ್ಪ, ಇದು ನಮ್ಮದಲ್ಲ."

"ಅದೇ ಥರ ಇದೆಯಲ್ಲಮ್ಮ."

"ಅದೇ ಥರ ಇರೋದೇ ಮೋಸ. ಇದೇ ಹೆಸರು, ಇದೇ ಬಣ್ಣ, ಇದೇ ಮೈ. ಆದ್ರೆ ಮೊದಲ ಲಾಟಲ್ಲಿ ಬಂದಿದ್ರೊಳಗೆ ಹಳೇ ಮೆಷೀನಿನ ಕರುಳೂ ಇತ್ತು. ಹಳೇ ಡಿಸ್ಕು ಓಡ್ತಿತ್ತು. ಅದನ್ನೇ ಹೇಳಿ ಮಾರಿದ್ರು, ನಿಮ್ಮ ಹಳೇ ಆಟ ಎಲ್ಲ ನಿಮ್ಮ ಜೊತೆಗೇ ಬರುತ್ತೆ ಅಂತ. ಆಮೇಲೆ ಖರ್ಚು ಜಾಸ್ತಿ ಆಯ್ತು ಅಂತ ಆ ಕರುಳು ಕಿತ್ತು ಬಿಸಾಕಿದ್ರು. ಹೊರಗಡೆ ಒಂದು ಗೆರೆ ಬದಲಾಯಿಸ್ಲಿಲ್ಲ. ಜನ ಮನೆಗೆ ತಂದು ಹಾಕಿ ನೋಡಿ ಬಾಯಿ ಬಿಟ್ರು."

"ಕೇಳಲಿಲ್ಲವಾ?"

"ತಮ್ಮ ಕೇಳ್ದ. ಫೋನಲ್ಲಿ ಒಬ್ಬಳು ಅಂದ್ಲು, ಹಳೇ ಆಟ ಈಗ ಯಾರು ಆಡ್ತಾರೆ ಸಾರ್, ಅದನ್ನೇ ಹೊಸದಾಗಿ ಬಿಟ್ಟಿದ್ದೀವಿ, ಮತ್ತೆ ಕೊಂಡ್ಕೊಳ್ಳಿ. ಕೊಂಡ್ಕೊಂಡ. ಡಿಸ್ಕೇ ಇಲ್ಲ, ಇಂಟರ್ನೆಟ್ಟಿಂದ ಗಾಳೀಲಿ ಇಳಿಯೋ ಆಟ. ಒಂದಿನ ಆ ಗಾಳಿ ಅಂಗಡೀನೂ ಮುಚ್ಚಿದ್ರು. ಕೊಂಡಿದ್ದೆಲ್ಲ ಹೋಯ್ತು. ಅವತ್ತು ಅವನು ಊಟ ಬಿಟ್ಟ. ಪಾತ್ರೆ ಅಂಗಡಿ ಮುಚ್ಚಿತು ಅಂತ ನಮ್ಮ ಅಡುಗೆಮನೆ ಪಾತ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರಾ ಚಿಕ್ಕಪ್ಪ?"

ಹೊಸ ನೀರು ಬಂದಾಗ ಹಳೇ ನೀರು ಕೊಚ್ಚಿ ಹೋಗುತ್ತದೆ ಅನ್ನುವುದನ್ನು ಕೇಳಿದ್ದೆ. ದುಡ್ಡು ಕೊಟ್ಟು ತುಂಬಿಸಿಕೊಂಡ ನೀರು ಕೊಡ ಸಮೇತ ಹೋಗುವುದನ್ನು ಕೇಳಿರಲಿಲ್ಲ.

"ಅದಕ್ಕೇ ಆ ಮೊದಲ ಲಾಟಿಂದನ್ನ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ," ಅಂದಳು. "ಈ ಗೋಡೇಲಿರೋದನ್ನೆಲ್ಲ ಓದ್ತಿದ್ದಿದ್ದು ಅದೊಂದೇ. ತೂಕಾನೂ ಜಾಸ್ತಿ ಅದು. ಇದು ನೋಡಿ, ಪೊಳ್ಳು."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಕೊಂದವನು ಆ ಭಾರದ ಮೆಷೀನಲ್ಲೇ ಹೊಡೆದ. ರಕ್ತ ಮೆತ್ತಿದ ಅದನ್ನು ಎತ್ತಿಕೊಂಡು ಹೋದ. ಜಾಗ ಖಾಲಿ ಕಾಣಬಾರದು ಅಂತ ಅದೇ ಥರದ ಇನ್ನೊಂದು ತಂದಿಟ್ಟ. ಎರಡೂ ಬೇರೆ ಅಂತ ಅವನಿಗೆ ಗೊತ್ತಿಲ್ಲ.

"ಆಟ ಆಡುವ ಯಾರೂ ಈ ತಪ್ಪು ಮಾಡೋಲ್ಲ," ಅಂದೆ. "ಅಲ್ಲವೇನಮ್ಮ?"

"ಯಾರೂ ಮಾಡಲ್ಲ."

ಆಟದ ಗಂಧಗಾಳಿ ಇಲ್ಲದವನು ಯಾರು ಅಂದರೆ ಇಬ್ಬರ ಕಣ್ಣ ಮುಂದೂ ಒಬ್ಬನೇ ಬಂದ. ಡಿಸ್ಕನ್ನು ಬಿಲ್ಲೆ ಅನ್ನುವವನು.

"ಮುಚ್ಚಿಟ್ಟುಬಿಡೋಣವೇ?" ಕೇಳಿದೆ. "ಇದು ಹೊರಗೆ ಬಂದರೆ ನಿನ್ನ ಗಂಡನ ಕುತ್ತಿಗೆಗೇ ಬರಬಹುದು."

ಅವಳು ನೆಲದ ಕಲೆಯ ಮೇಲಿನ ನೊಣ ಓಡಿಸಿದಳು.

"ಮಾಡದೆ ಇರೋದಕ್ಕೆ ಒದೆ ತಿಂದು ಸಾಯೋದು ಬೇಡ," ಅಂದಳು. "ಮಾಡಿದ್ರೆ, ಅದಕ್ಕೇ ಸಾಯ್ಲಿ. ನನಗೆ ಗೊತ್ತಾಗ್ಬೇಕು."

ಫೋನು ತೆಗೆದು ಇನ್ಸ್‌ಪೆಕ್ಟರನಿಗೆ ಹಚ್ಚಿದಳು. "ಸಾರ್, ಮೆಷೀನು ಬದಲಾಗಿದೆ. ಯಾರೋ ಇಟ್ಟು ಹೋಗಿದ್ದಾರೆ. ಹಳೇದು ಮಾರೋ ಅಂಗಡಿಗೆ ಹೋಗಿ ವಿಚಾರಿಸ್ತೀವಿ. ಅಲ್ಲಿವರೆಗೆ ಅವರನ್ನ ಮುಟ್ಟಬೇಡಿ, ದಮ್ಮಯ್ಯ."

ಆ ಕಡೆಯಿಂದ ಒಂದೇ ಮಾತು ಬಂತು. "ಆಗ್ಲಮ್ಮ." ಅಷ್ಟು ಸುಲಭವಾಗಿ ಒಪ್ಪಿದನಲ್ಲ ಅಂತ ಅವಳಿಗೆ ಜೀವ ಬಂತು.

ಹಳೇ ಮೆಷೀನು ಮಾರುವವನು ಇಡೀ ಊರಿಗೆ ಒಬ್ಬನೇ. ಸೆಕೆಂಡ್‌ಹ್ಯಾಂಡ್ ಅಂತಲೇ ಕರೆಯುತ್ತಿದ್ದರು. ತಲೆಯ ಮೇಲಿನ ಕೂದಲೂ ಸೆಕೆಂಡ್‌ಹ್ಯಾಂಡ್ ಅನ್ನುವುದು ಆಮೇಲೆ ಗೊತ್ತಾಯಿತು. ಅಂಗಡಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ. ಅವತ್ತು ವಾರದ ರಜೆ, ಗಲ್ಲಿಯಲ್ಲಿ ನರಪಿಳ್ಳೆ ಇಲ್ಲ. ಇವನ ಶಟರ್ ಮಾತ್ರ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದೆವು.

ಬೆಸುಗೆಯ ಹೊಗೆ, ಸ್ಪಿರಿಟ್ಟಿನ ವಾಸನೆ. ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತಿದ್ದ.

"ಅಂಗಡಿ ರಜ ಅಣ್ಣ."

"ಕೊಳ್ಳೋಕೆ ಬಂದಿಲ್ಲ." ಅಕ್ಕ ತಂದಿದ್ದ ಮೆಷೀನನ್ನು ನಾನು ಮೇಜಿನ ಮೇಲಿಟ್ಟೆ. "ಇದನ್ನ ನೀನು ಯಾರಿಗೆ ಮಾರಿದೆ?"

"ಇದು ನಂದಲ್ಲ. ಎರಡನೇ ಲಾಟಿಂದು ನಾನು ಇಡೋದೇ ಇಲ್ಲ."

"ಎರಡನೇ ಲಾಟು ಅಂತ ನಾನೆಲ್ಲಿ ಹೇಳಿದೆ?"

"ನೋಡಿದ್ರೆ ಗೊತ್ತಾಗುತ್ತಲ್ಲ."

"ನೋಡಿದ್ರೆ ಗೊತ್ತಾಗಲ್ಲ," ಅಕ್ಕ ಅಂದಳು. "ಎತ್ತಿದ್ರೆ ಗೊತ್ತಾಗುತ್ತೆ. ನೀನು ಮುಟ್ಟೇ ಇಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇವನು ಹೆಗಲು ಮುಟ್ಟಲಿಲ್ಲ, ಮೇಜಿನ ಕೆಳಗೆ ನೋಡಿದ. ಅಲ್ಲೊಂದು ಬಟ್ಟೆ ಮುಚ್ಚಿದ ಗುಪ್ಪೆ ಇತ್ತು. ಅಕ್ಕ ಬಟ್ಟೆ ಎಳೆದಳು.

ಅದೇ ಕಪ್ಪು ಆಮೆ. ಮೇಲಿನ ಚಿಪ್ಪು ಬಿಚ್ಚಿತ್ತು, ಒಳಗೆ ಎರಡು ಕರುಳು ಪಕ್ಕಪಕ್ಕ ಮಲಗಿದ್ದವು. ಒಂದು ಮೂಲೆ ಸೀಳಿತ್ತು. ಚೆನ್ನಾಗಿ ತೊಳೆದಿದ್ದ, ಆದರೆ ಜಾಲರಿಯ ಸಂದಿಯಲ್ಲಿ ತುಕ್ಕಿನ ಬಣ್ಣ ಉಳಿದಿತ್ತು. ಅದಕ್ಕೆ ಅಂಟಿಕೊಂಡು ನಾಲ್ಕಾರು ಕೂದಲು.

"ತಮ್ಮಂದು," ಅಂದಳು ಅಕ್ಕ. ಮೆಷೀನಿಗೆ ಅಂದಳೋ ಕೂದಲಿಗೆ ಅಂದಳೋ ಗೊತ್ತಾಗಲಿಲ್ಲ.

ಅವನು ಬೆಸುಗೆ ಕಡ್ಡಿಯನ್ನು ಅವಳ ಕಣ್ಣಿಗೆ ಗುರಿ ಇಟ್ಟು ಚುಚ್ಚಿದ. ನಾನು ಅಡ್ಡ ಕೈ ಹಾಕಿದೆ. ಅಂಗೈಯಲ್ಲಿ ಚುರ್ ಅಂತು, ಮಾಂಸ ಸುಟ್ಟ ವಾಸನೆ ನನಗೇ ಬಂತು. ಗುರುತು ಇವತ್ತಿಗೂ ಇದೆ. ನನ್ನ ನೆನಪಿನ ಮೇಲೆ ಅನುಮಾನ ಇರುವವರು ಬಂದು ಮುಟ್ಟಿ ನೋಡಬಹುದು.

ಮಂಡಿಗೆ ಒದ್ದ, ನಾನು ಕುಸಿದೆ. ಮೇಲೆ ಬಿದ್ದು ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡ. ಕೂದಲಿನ ಟೋಪಿ ಜಾರಿ ಒಂದು ಕಿವಿಗೆ ನೇತಾಡುತ್ತಿತ್ತು, ಆ ಹೊತ್ತಿನಲ್ಲೂ ನನಗೆ ನಗು ಬಂತು. ಸ್ಕ್ರೂಡ್ರೈವರ್ ನನ್ನ ಕತ್ತಿನ ಪಕ್ಕ ಚರ್ಮ ಹರಿದು ನೆಲಕ್ಕೆ ತಾಗಿತು. ಎರಡನೇ ಸಲ ಎತ್ತಿದ.

ಇಳಿಸಲಿಲ್ಲ. ಅಕ್ಕ ಗೋಡೆಯ ಮೊಳೆಯಿಂದ ಆಟಕ್ಕೆ ಕೈಯಲ್ಲಿ ಹಿಡಿಯುವ ಹಳೇ ಕಾಲದ ಕಂಟ್ರೋಲರ್ ಒಂದನ್ನು ಕಿತ್ತು, ಅದರ ವೈರನ್ನು ಅವನ ಕೊರಳಿಗೆ ಎರಡು ಸುತ್ತು ಹಾಕಿ, ಬೆನ್ನಿಗೆ ಮಂಡಿ ಕೊಟ್ಟು ಎಳೆದಳು. ಹೊಸ ಕಾಲದ ಕಂಟ್ರೋಲರಿಗೆ ವೈರೇ ಇರುವುದಿಲ್ಲ. ಹಳೇದಕ್ಕೆ ಇತ್ತು, ಅದಕ್ಕೇ ನಾನು ಬದುಕಿದ್ದೇನೆ.

"ಯಾರು ತಂದಿದ್ದು?"

"ಹೇಳಿದ್ರೆ ಕೊಲ್ತಾನೆ."

"ಹೇಳದೆ ಇದ್ರೆ ನಾನು ಕೊಲ್ತೀನಿ. ನಾನು ಇಲ್ಲೇ ಇದ್ದೀನಿ, ಅವನಿನ್ನೂ ಬರಬೇಕು."

ಅವನ ಮುಖ ಬದನೆಕಾಯಿ ಬಣ್ಣಕ್ಕೆ ಬಂದಿತ್ತು. ಕೈಯಾಡಿಸಿದ. ಅವಳು ಒಂದು ಉಸಿರಿಗೆ ಆಗುವಷ್ಟು ಸಡಿಲಿಸಿದಳು.

"ಟವಲ್ಲಲ್ಲಿ ಸುತ್ಕೊಂಡು ತಂದ. ಇದನ್ನ ಸುಟ್ಹಾಕು, ಇಂಥದ್ದೇ ಇನ್ನೊಂದು ಕೊಡು ಅಂದ. ಕೊಟ್ಟೆ."

"ಇದನ್ನ ಯಾಕೆ ಸುಡಲಿಲ್ಲ?"

"ಮೊದಲ ಲಾಟು ಅಕ್ಕ," ಅಂದ ಅವನು. ಕಣ್ಣಲ್ಲಿ ನೀರಿತ್ತು, ಕತ್ತು ಹಿಸುಕಿದ್ದಕ್ಕೋ ಬೇರೆಯದಕ್ಕೋ. "ಎರಡು ಕರುಳಿಂದು. ಇನ್ನೆಲ್ಲಿ ಸಿಗುತ್ತೆ? ಇಂಥದ್ದನ್ನ ಯಾರಾದ್ರೂ ಸುಡ್ತಾರಾ?"

ಅಕ್ಕನಿಗೆ ಆ ಮಾತು ಅರ್ಥವಾಗಿದ್ದು ನನಗೆ ಅರ್ಥವಾಯಿತು.

"ದಪ್ಪ ಮನುಷ್ಯನಾ?" ವೈರು ಬಿಡದೆ ಕೇಳಿದಳು. "ಗ್ರೀಸ್ ವಾಸನೆ ಇತ್ತಾ?"

"ಇಲ್ಲಕ್ಕ. ಇಸ್ತ್ರಿ ಮಾಡಿದ ಬಟ್ಟೆ. ನಾನು ಹೇಳ್ದೆ ಅವನಿಗೆ, ಸಾರ್, ನಾನು ಕೊಡ್ತಿರೋದು ಹಳೇ ಡಿಸ್ಕು ಓದಲ್ಲ ಸಾರ್ ಅಂತ. ನಕ್ಕ. ಡಬ್ಬಿ ಡಬ್ಬಿನೇ, ಹಳೇದಾದ್ರೇನು, ಹೊಸದಾದ್ರೇನು ಅಂದ."

ವೈರು ಅಕ್ಕನ ಕೈಯಿಂದ ಜಾರಿತು.

ಬೆಳಿಗ್ಗೆ ಲಾಕಪ್ಪಿನ ಮುಂದೆ ಅವಳು ಕೇಳಿದ್ದು ತಮ್ಮನ ಮೆಷೀನು ನೋಡಬೇಕು ಅಂತ, ಅಷ್ಟೇ. ಹಳೇದು, ಹೊಸದು ಅನ್ನುವ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ.

"ಚಿಕ್ಕಪ್ಪ," ಅಂದಳು. "ಇಲ್ಲಿಗೆ ಬರ್ತೀವಿ ಅಂತ ನಾನು ಫೋನು ಮಾಡಿದ್ದು ಅವನಿಗೇ."

ಗಲ್ಲಿಯಲ್ಲಿ ಜೀಪು ನಿಂತ ಸದ್ದಾಯಿತು.

ಅರ್ಧ ಎತ್ತಿದ್ದ ಶಟರಿನ ಕೆಳಗೆ ಎರಡು ಬೂಟು ಬಂದು ನಿಂತವು. ಕನ್ನಡಿಯಂಥ ಪಾಲಿಶ್. ಪಕ್ಕದಲ್ಲಿ ಎರಡು ಬರಿಗಾಲು. ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ.

ಒಂದು ಒದೆತದ ಸದ್ದು. ಗೂಳಿ ಮಡಚಿಕೊಂಡು ಶಟರಿನ ಅಡಿಯಿಂದ ಒಳಗೆ ಉರುಳಿದ, ಕೈ ಬೆನ್ನಿಗೆ ಕಟ್ಟಿತ್ತು. ಅವನ ಹಿಂದೆಯೇ ಶಟರ್ ದಡಾರನೆ ನೆಲಕ್ಕೆ ಬಿತ್ತು. ಹೊರಗೆ ಬೀಗ ಕಚ್ಚಿಕೊಂಡಿತು.

"ನೀನ್ಯಾಕೆ ಇಲ್ಲಿಗೆ ಬಂದೆ?" ಗೂಳಿ ಹೆಂಡತಿಯನ್ನು ಬೈದ. ಹಲ್ಲಿಲ್ಲದ ಬಾಯಲ್ಲಿ ಅದು ಮುದ್ದು ಮಾಡಿದ ಹಾಗೆ ಕೇಳಿಸಿತು.

"ಲಾಕಪ್ಪಿಂದ ಓಡಿಹೋದ ಕೈದಿ ಹೆಂಡತಿ ಜೊತೆ ಅಂಗಡಿಗೆ ನುಗ್ಗಿದ," ಹೊರಗಿನಿಂದ ಆ ತಣ್ಣನೆಯ ದನಿ ಕೇಳಿಸಿತು. "ಸ್ಪಿರಿಟ್ಟಿಗೆ ಬೆಂಕಿ ತಾಗಿತು. ಯಾರೂ ಉಳೀಲಿಲ್ಲ. ಬರ್ಕೊಳ್ಳೋಕೆ ಚೆನ್ನಾಗಿದೆ, ಅಲ್ವೇನಮ್ಮ?"

ಶಟರಿನ ಅಡಿಯಿಂದ ಒಂದು ಒದ್ದೆ ಗೆರೆ ಒಳಗೆ ಹರಿದು ಬಂತು. ಪೆಟ್ರೋಲು.

"ಹಿಂದಿನ ಬಾಗಿಲು?" ಸೆಕೆಂಡ್‌ಹ್ಯಾಂಡನ ಕಾಲರ್ ಹಿಡಿದು ಕೇಳಿದೆ.

"ಹೋದ ವರ್ಷ ಗೋಡೆ ಕಟ್ಟಿಸಿಬಿಟ್ಟೆ ಅಣ್ಣ," ಅಂದ. "ಕಳ್ಳರ ಕಾಟ."

ಅಕ್ಕ ಯಾರ ಕಡೆಯೂ ನೋಡಲಿಲ್ಲ. ಮೇಜಿನ ಕೆಳಗಿಂದ ತಮ್ಮನ ಮೆಷೀನನ್ನು ಎಳೆದು, ಒಡೆದ ಚಿಪ್ಪು ಮುಚ್ಚಿ, ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಶಟರಿನ ಪಕ್ಕದ ಗೋಡೆಗೆ ಒತ್ತಿ ನಿಂತಳು. ಒಂದು ಬುರುಡೆ ಒಡೆದ ಭಾರ ಅದು. ಇನ್ನೊಂದಕ್ಕೂ ಸಾಲುತ್ತದೆ. ಆದರೆ ಅದಕ್ಕೆ ಶಟರ್ ತೆರೆಯಬೇಕು.

ಹೊರಗೆ ಬೆಂಕಿಕಡ್ಡಿ ಗೀರಿದ ಸದ್ದು. ಮೊದಲನೆಯದು ಹತ್ತಲಿಲ್ಲ.

ಎರಡನೆಯದನ್ನು ಅವನು ಗೀರುವ ಮೊದಲು ನಾನು ಗಂಟಲಿಗೆ ನೀರು ಹಾಕಿಕೊಳ್ಳಬೇಕು, ಇಲ್ಲಿ ನಿಲ್ಲಿಸುತ್ತೇನೆ. ಖಜಾನೆಯನ್ನು ಅವನು ಯಾಕೆ ಕೊಂದ ಅನ್ನುವುದೂ ಮುಂದಿನ ವಾರಕ್ಕೆ. ನೀವು ಒಂದು ಕೆಲಸ ಮಾಡಿ. ಅಟ್ಟದ ಮೇಲೆ ಹಳೇ ಮೆಷೀನು ಇಟ್ಟುಕೊಂಡವರು ನಿಮಗೆ ಯಾರಾದರೂ ಗೊತ್ತಿದ್ದರೆ ಈ ಧ್ವನಿಯನ್ನು ಅವರಿಗೆ ದಾಟಿಸಿ. ಗುಜರಿಗೆ ಹಾಕುವ ಮೊದಲು ಒಂದು ಸಲ ಎರಡೂ ಕೈಯಲ್ಲಿ ಎತ್ತಿ ನೋಡುವುದಕ್ಕೆ ಹೇಳಿ.